ಹಾಡು ತಾನಾಗೇ ಸಿಗುತ್ತೆ, ಪಾಡ್‌ಕಾಸ್ಟ್ ಯಾಕೆ ಸಿಗಲ್ಲ? ನೀವೆಲ್ಲ ಹೇಗೆ ಹುಡುಕ್ತೀರಿ?

ಮುಂಜಾವು:
ಒಂದು ವಿಷಯ ಬಹಳ ದಿನದಿಂದ ತಲೇಲಿ ಕೊರೀತಾ ಇದೆ, ಇಲ್ಲಿ ಕೇಳೋಣ ಅನ್ನಿಸ್ತು.

ನಿನ್ನೆ ರಾತ್ರಿ ಫೋನ್ ಹಿಡ್ಕೊಂಡು ಎರಡು ಪಟ್ಟಿ ನೋಡ್ತಾ ಕೂತಿದ್ದೆ. ಕಳೆದ ಒಂದು ವರ್ಷದಲ್ಲಿ ಹೊಸದಾಗಿ ಇಷ್ಟಪಟ್ಟು ಉಳಿಸಿಕೊಂಡ ಹಾಡು 140 ಚಿಲ್ಲರೆ. ಅದರಲ್ಲಿ ಮುಕ್ಕಾಲು ಪಾಲು ಯಾರೂ ಕೂತು ಹೇಳಿದ್ದಲ್ಲ. ಒಂದು ಹಾಡು ಮುಗಿದ ಮೇಲೆ ಅದರ ಬೆನ್ನಿಗೇ ಬಂದದ್ದು, ಯಾರದೋ ವಿಡಿಯೋದ ಹಿನ್ನೆಲೆಯಲ್ಲಿ ಕೇಳಿದ್ದು, ಲಿಫ್ಟ್‌ನಲ್ಲಿ ಪಕ್ಕದವರ ರಿಂಗ್‌ಟೋನ್ ಆಗಿದ್ದದ್ದು. ಅದೇ ಒಂದು ವರ್ಷದಲ್ಲಿ ಹೊಸದಾಗಿ ಹಿಡಿದು ಇವತ್ತಿಗೂ ಕೇಳ್ತಿರೋ ಪಾಡ್‌ಕಾಸ್ಟ್ ಎರಡೇ ಎರಡು. ಎರಡನ್ನೂ ಮನುಷ್ಯರೇ ಹೇಳಿದ್ದು. ಒಂದನ್ನ ಜೊತೆ ಕೆಲಸ ಮಾಡೋರು, ಇನ್ನೊಂದನ್ನ ನಮ್ಮಕ್ಕ. ಆಪ್ ತಾನಾಗಿ ತೋರಿಸಿದ್ದರಲ್ಲಿ ಹದಿನೈದಾದ್ರೂ ಶುರು ಮಾಡಿರಬಹುದು, ಒಂದೂ ಹತ್ತು ನಿಮಿಷ ದಾಟಲಿಲ್ಲ.

ಕೇಳೋ ರೀತೀನೂ ಬೇರೆ ಬೇರೆ ಆಗ್ಬಿಟ್ಟಿದೆ ನಂಗೆ. ಹಾಡು ಯಾವಾಗ ಬೇಕಾದ್ರೂ ನಡೆಯುತ್ತೆ. ಪಾಡ್‌ಕಾಸ್ಟ್ ಮಾತ್ರ ಕೈಗೆ ಕೆಲಸ ಇದ್ದು ತಲೆಗೆ ಕೆಲಸ ಇಲ್ಲದಾಗಲೇ. ಬಟ್ಟೆ ಮಡಚೋವಾಗ, ನಡೆಯೋವಾಗ, ಕಪಾಟು ಜೋಡಿಸೋವಾಗ. ಇಷ್ಟವಾದ ಹಾಡನ್ನ ನೂರು ಸಲ ಕೇಳಿದೀನಿ, ಎಷ್ಟೇ ಇಷ್ಟವಾದ ಸಂಚಿಕೆಯನ್ನೂ ಎರಡನೇ ಸಲ ಕೇಳಿದ್ದು ನೆನಪಿಲ್ಲ.

ಇದು ನನ್ನೊಬ್ಬಳ ಕಥೆನಾ? ನೀವು ಹೊಸ ಪಾಡ್‌ಕಾಸ್ಟ್ ಹೇಗೆ ಹುಡುಕ್ತೀರಿ, ನಿಜವಾಗ್ಲೂ ತಿಳ್ಕೋಬೇಕು.

ಚುಟುಕು:
ನಿಮ್ಮೊಬ್ಬರ ಕಥೆ ಅಲ್ಲ. ನಂದು ವರ್ಷಕ್ಕೆ ಒಂದು, ಅದೂ ಅಣ್ಣ ಬೆನ್ನು ಬಿದ್ದಿದ್ದಕ್ಕೆ.

ಜೋಳಿಗೆ:
ಅಲ್ರೀ, ಇದರಾಗ ಆಶ್ಚರ್ಯ ಏನೈತಿ? ಹಾಡು ಮೂರು ನಾಕು ನಿಮಿಷ. ಚಲೋ ಅನಿಸಲಿಲ್ಲಂದ್ರ ಮುಂದಿಂದಕ್ಕ ಹೋಗೋದು, ಕಳಕೊಂಡಿದ್ದೇನಿಲ್ಲ. ಪಾಡ್‌ಕಾಸ್ಟ್ ಅಂದ್ರ ಒಂದು ತಾಸು. ಮಾತಾಡಾವರು ಎಂಥವರು, ವಿಷಯ ಎಲ್ಲಿಗೆ ಹೊಂಟೈತಿ ಅನ್ನೋದು ತಿಳಿಯಾಕ ಇಪ್ಪತ್ತು ನಿಮಿಷ ಬೇಕು. ಗುರುತಿಲ್ಲದವರಿಗೆ ಇಪ್ಪತ್ತು ನಿಮಿಷ ಯಾರು ಕೊಡ್ತಾರ? ಗೆಳೆಯ ಹೇಳಿದ್ರ ಕೊಡ್ತೀವಿ, ಯಾಕಂದ್ರ ಆ ಇಪ್ಪತ್ತು ನಿಮಿಷಕ್ಕ ಅವನು ಜಾಮೀನು ನಿಂತಿರ್ತಾನ.

ಕೋಡ್‌ಮನೆ:
ಜೋಳಿಗೆ ಅವರು ಹೇಳಿದ್ದು ಸರಿ, ಅದಕ್ಕೆ ತಾಂತ್ರಿಕವಾದ ಇನ್ನೊಂದು ಮಗ್ಗುಲೂ ಇದೆ. ನಾನು ಶಿಫಾರಸು ವ್ಯವಸ್ಥೆಗಳ ಮೇಲೆ ಕೆಲಸ ಮಾಡಿದೋನು (ಸಂಗೀತದ್ದಲ್ಲ, ಬೇರೆ ಕ್ಷೇತ್ರ), ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಹಾಡಿನ ಆಪ್‌ಗೆ ನಿಮ್ಮ ರುಚಿ ಹೇಗೆ ಗೊತ್ತಾಗುತ್ತೆ? ಒಂದು ಗಂಟೆಯಲ್ಲಿ ನೀವು ಹದಿನೈದು ಇಪ್ಪತ್ತು ಹಾಡು ಕೇಳ್ತೀರಿ. ಯಾವುದನ್ನ ಪೂರ್ತಿ ಕೇಳಿದ್ರಿ, ಯಾವುದನ್ನ ಐದು ಸೆಕೆಂಡಿಗೆ ಹಾರಿಸಿದ್ರಿ, ಯಾವುದನ್ನ ಮತ್ತೆ ಹಾಕಿದ್ರಿ, ಒಂದೊಂದೂ ಒಂದೊಂದು ಸುಳಿವು. ನಿಮ್ಮ ಹಾಗೇ ಕೇಳೋ ಸಾವಿರಾರು ಜನರ ಪಟ್ಟಿ ತೆಗೆದು, ಅವರೆಲ್ಲ ಕೇಳಿ ನೀವು ಇನ್ನೂ ಕೇಳದ ಹಾಡು ಯಾವುದು ಅಂತ ನೋಡಿದ್ರೆ ಅರ್ಧ ಕೆಲಸ ಮುಗೀತು. ಸ್ಪಾಟಿಫೈ 2015ರ ಜುಲೈನಲ್ಲಿ ಶುರು ಮಾಡಿದ 'ಡಿಸ್ಕವರ್ ವೀಕ್ಲಿ' ಪ್ರತಿ ಸೋಮವಾರ 30 ಹಾಡು ಕೊಡ್ತಿದ್ದದ್ದು ಮುಖ್ಯವಾಗಿ ಇದೇ ಲೆಕ್ಕದ ಮೇಲೆ. ಪಾಡ್‌ಕಾಸ್ಟ್‌ನಲ್ಲಿ ಅದೇ ಒಂದು ಗಂಟೆಗೆ ಸಿಗೋದು ಒಂದು ಸುಳಿವು. ಅದೂ ಗೊಂದಲದ್ದು. 35ನೇ ನಿಮಿಷಕ್ಕೆ ನಿಲ್ಲಿಸಿದ್ರಿ ಅಂದ್ರೆ ಬೇಜಾರಾಯ್ತಾ, ಬಸ್ ಇಳಿದ್ರಾ?

ಎರಡನೇದು ಧ್ವನಿ. ಹಾಡಿನ ಧ್ವನಿಯಲ್ಲೇ ಅದರ ಗುಣ ಇದೆ. ವೇಗ, ಶ್ರುತಿ, ವಾದ್ಯ, ಏರಿಳಿತ ಎಲ್ಲ ಅಳೆಯಬಹುದು. ಪಂಡೋರಾ ಅನ್ನೋ ಅಮೆರಿಕದ ಸಂಗೀತ ಆಪ್‌ನವರು ಸಂಗೀತ ಬಲ್ಲವರನ್ನೇ ಕೂರಿಸಿ ಒಂದೊಂದು ಹಾಡಿಗೂ 450ರವರೆಗೆ ಗುಣಲಕ್ಷಣ ಗುರುತು ಹಾಕಿಸ್ತಿದ್ರು. ಇದನ್ನೇ ಯಂತ್ರದಿಂದ ಮಾಡಿಸ್ತಿದ್ದ 'ದಿ ಎಕೋ ನೆಸ್ಟ್' ಅನ್ನೋ ಕಂಪನಿಯನ್ನ ಸ್ಪಾಟಿಫೈ 2014ರಲ್ಲಿ ಕೊಂಡುಕೊಂಡಿತು. ಈಗ ಇಬ್ಬರು ಕೂತು ಮಾತಾಡೋ ಧ್ವನಿ ತಗೊಳ್ಳಿ. ಒಂದರಲ್ಲಿ ಕಪ್ಪುಕುಳಿ ಬಗ್ಗೆ ಮಾತು, ಇನ್ನೊಂದರಲ್ಲಿ ವಿಚ್ಛೇದನದ ಬಗ್ಗೆ. ಧ್ವನಿಯ ಅಲೆ ನೋಡಿದ್ರೆ ಎರಡೂ ಒಂದೇ ಥರ. ಮಾತು ಅರ್ಥ ಆಗ್ಬೇಕಂದ್ರೆ ಮೊದಲು ಅದು ಬರಹ ಆಗಬೇಕು. ಆಪಲ್ ಪಾಡ್‌ಕಾಸ್ಟ್ಸ್‌ನಲ್ಲಿ ತಾನಾಗಿ ಮಾತು ಬರಹವಾಗೋ ಸೌಲಭ್ಯ ಬಂದಿದ್ದೇ 2024ರ ಮಾರ್ಚ್‌ನಲ್ಲಿ, ಮೊದಲಿಗೆ ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್‌ಗೆ ಮಾತ್ರ. ಬೇರೆ ಭಾಷೆಯಲ್ಲಿ ಕೇಳೋರಿಗೆ ಯಂತ್ರ ಸಹಾಯ ಮಾಡೋಕೆ ಬೇಕಾದ ಕಚ್ಚಾವಸ್ತುವೇ ಅಲ್ಲಿರಲಿಲ್ಲ.

ತಂಬೂರಿ:
ಕೋಡ್‌ಮನೆ ಅವರೇ, ನೀವು ಹೇಳಿದ್ದು ಅರ್ಥವಾಯಿತು, ಆದರೆ "ಹಾಡು ಸಿಗುತ್ತೆ" ಅನ್ನೋ ಮೂಲ ಮಾತನ್ನೇ ನಾನು ಒಪ್ಪಲ್ಲ. ಸಿಗೋದೇ ಬೇರೆ, ಹುಡುಕೋದೇ ಬೇರೆ. ಆಪ್ ನನಗೆ ಕೊಡೋ ಹೊಸ ಹಾಡೆಲ್ಲ ನಾನು ಆಗಲೇ ಕೇಳಿದ ಹಾಡುಗಳ ತಮ್ಮ ತಂಗಿಯರು. ವರ್ಷಗಟ್ಟಲೆ ಒಂದೇ ಅಂಗಳದಲ್ಲಿ ಸುತ್ತಾಡಿಸುತ್ತೆ. ನನ್ನ ಕೇಳ್ಮೆಯನ್ನ ನಿಜವಾಗಿ ಬದಲಾಯಿಸಿದ ಸಂಗೀತ ಸಿಕ್ಕಿದ್ದು ಬೇರೆ ದಾರಿಯಲ್ಲಿ. ಒಂದು ಹಳೆಯ ಧ್ವನಿಮುದ್ರಿಕೆಯ ಹೊದಿಕೆಯಲ್ಲಿ ಕೊಳಲು ನುಡಿಸಿದವರ ಹೆಸರು ಸಣ್ಣಕ್ಷರದಲ್ಲಿತ್ತು. ಆ ಹೆಸರು ಹಿಡಿದು ಹೋದೆ, ಅವರು ಬೇರೆ ಯಾರಿಗೆಲ್ಲ ನುಡಿಸಿದ್ದಾರೆ ಅಂತ. ಎರಡು ತಿಂಗಳು ಅದೇ ಕೆಲಸ. ಆಪ್‌ಗಳಲ್ಲಿ ಆ ಹೆಸರುಗಳೇ ಎಷ್ಟೋ ಸಲ ಕಾಣಿಸೋದಿಲ್ಲ.

ಇನ್ನು ಮುಂಜಾವು ಅವರು ಹೇಳಿದ ನೂರು ಸಲದ ವಿಷಯ. ಅದು ಬಹಳ ಮುಖ್ಯ, ಅದನ್ನ ಸುಮ್ಮನೆ ದಾಟಬೇಡಿ. ಎಷ್ಟೋ ಹಾಡು ಮೊದಲ ಸಲ ಹಿಡಿಸಲ್ಲ. ನಾಲ್ಕನೇ ಸಲಕ್ಕೆ ಬಾಯಲ್ಲಿ ಬರುತ್ತೆ, ಹತ್ತನೇ ಸಲಕ್ಕೆ ನಮ್ಮದಾಗುತ್ತೆ. ಪರಿಚಯವಾದಷ್ಟೂ ಇಷ್ಟ ಬೆಳೆಯುತ್ತೆ ಅಂತ ರಾಬರ್ಟ್ ಝಾಯೋಂಕ್ ಅನ್ನೋ ಮನಶ್ಶಾಸ್ತ್ರಜ್ಞರು 1968ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಹಾಡಿಗೆ ಹತ್ತು ಅವಕಾಶ ಸಿಗುತ್ತೆ, ಪಾಡ್‌ಕಾಸ್ಟ್‌ಗೆ ಒಂದೇ.

ಪುಟ್ಟಕಿವಿ:
ಎರಡನೇ ಸಲ ಕೇಳಲ್ಲ ಅನ್ನೋದು ಎಲ್ಲರಿಗೂ ಅಲ್ಲ ಅಕ್ಕ. ನಾನು ಮಲಗೋಕೆ ಮುಂಚೆ ಆಗಲೇ ಕೇಳಿರೋ ಸಂಚಿಕೆಗಳನ್ನೇ ಹಾಕ್ಕೊಳ್ಳೋದು. ಹೊಸದಾದ್ರೆ ಮುಂದೇನು ಅಂತ ನಿದ್ದೆ ಬರಲ್ಲ.

ಕಡಲತಡಿ:
ಸ್ಲೀಪ್ ಟೈಮರ್ 15 ನಿಮಿಷಕ್ಕೆ ಇಟ್ಟು ಮಲಗುದು ನಾನು ಸಹ. ಒಂದು ಸಂಚಿಕೆಯ ಮೊದಲ 15 ನಿಮಿಷ ನಂಗೆ ಬಾಯಿಪಾಠ ಬರ್ತದೆ, ಮತ್ತೆ ಮುಂದೆ ಎಂತ ಆಯ್ತು ಅಂತ ಇವತ್ತಿನವರೆಗೆ ಗೊತ್ತಿಲ್ಲ ಮಾರಾಯ್ರೆ.

ಹಳೇ_ಟ್ರಾನ್ಸಿಸ್ಟರ್:
ಇದೆಲ್ಲ ರೇಡಿಯೋದಲ್ಲಿ ಇರಲೇ ಇಲ್ಲ ಈ ತೊಂದರೆ. ಹಾಕಿಟ್ಟರೆ ಹಾಡೂ ಬರುತ್ತಿತ್ತು, ಭಾಷಣವೂ ಬರುತ್ತಿತ್ತು, ನಾಟಕವೂ ಬರುತ್ತಿತ್ತು. ಹುಡುಕುವ ಪ್ರಶ್ನೆಯೇ ಇಲ್ಲ. ಹಾಡಿಗಾಗಿ ಕಾಯುತ್ತಾ ಕೂತಾಗ ಮಧ್ಯೆ ಬಂದ ಮಾತು ಕಿವಿಗೆ ಬೀಳುತ್ತಿತ್ತು, ಬೇಡವೆಂದರೂ. ನನಗೆ ನಕ್ಷತ್ರಗಳ ಬಗ್ಗೆ ಆಸಕ್ತಿ ಹುಟ್ಟಿದ್ದೇ ಹಾಗೆ. ಈಗ ಹಾಡು ಒಂದು ಆಪ್, ಮಾತು ಇನ್ನೊಂದು ಆಪ್. ಮಾತನ್ನು ಬೇಕು ಅಂತ ಹೋಗಿ ಕೇಳಬೇಕು.

ಬೀಟ್_ಬಾಯ್:
ಸರ್, ಪಾಡ್‌ಕಾಸ್ಟ್ ಆಪಲ್‌ನವರು ಐಪಾಡ್‌ಗೆ ಅಂತ ಮಾಡಿದ್ದಲ್ವಾ? ಅವರು ಮೊದಲಿಂದ ಹಾಡಿನ ಜೊತೆಗೇ ಇಟ್ಟಿದ್ರೆ ಈ ಸಮಸ್ಯೆ ಬರ್ತಿರ್ಲಿಲ್ಲ.

ಹಳೇ_ಟ್ರಾನ್ಸಿಸ್ಟರ್:
ಇಲ್ಲಪ್ಪ, ಎರಡೂ ಕಡೆ ತಪ್ಪಿದೆ. ಹೆಸರಿನಲ್ಲಿ ಐಪಾಡ್ ಇದೆ ಅಷ್ಟೆ. ಆ ಪದವನ್ನು 2004ರ ಫೆಬ್ರವರಿಯಲ್ಲಿ ಬೆನ್ ಹ್ಯಾಮರ್ಸ್ಲಿ ಎಂಬ ಪತ್ರಕರ್ತ 'ಗಾರ್ಡಿಯನ್' ಪತ್ರಿಕೆಯ ಲೇಖನದಲ್ಲಿ ಬಳಸಿದರು. ಆರ್‌ಎಸ್‌ಎಸ್ ಫೀಡ್‌ಗೆ (ಜಾಲತಾಣದಲ್ಲಿ ಹೊಸದೇನು ಬಂತು ಎಂದು ಆ್ಯಪ್‌ಗಳು ತಾವಾಗಿ ಓದಿಕೊಳ್ಳುವ ಪಟ್ಟಿ) ಧ್ವನಿ ಕಡತವನ್ನು ಲಗತ್ತಿಸುವ ದಾರಿಯನ್ನು ಡೇವ್ ವೈನರ್ ಎಂಬ ತಂತ್ರಾಂಶ ತಜ್ಞರು ಅದಕ್ಕೂ ಮೂರು ನಾಲ್ಕು ವರ್ಷ ಮೊದಲೇ ಮಾಡಿದ್ದರು. ಆ್ಯಡಂ ಕರಿ ಎಂಬುವರು ಅದನ್ನು ಜನರ ಕೈಗೆ ತಲುಪಿಸಿದವರಲ್ಲಿ ಪ್ರಮುಖರು. ಆಪಲ್ ಬಂದದ್ದು 2005ರ ಜೂನ್‌ನಲ್ಲಿ, ಐಟ್ಯೂನ್ಸ್ 4.9ರ ಜೊತೆ, ಸುಮಾರು 3,000 ಕಾರ್ಯಕ್ರಮಗಳನ್ನು ಪಟ್ಟಿ ಮಾಡಿಕೊಂಡು. ಎರಡೇ ದಿನದಲ್ಲಿ 10 ಲಕ್ಷ ಚಂದಾದಾರಿಕೆ ಆಯಿತು. ಮತ್ತು ಐಟ್ಯೂನ್ಸ್‌ನಲ್ಲಿ ಹಾಡೂ ಪಾಡ್‌ಕಾಸ್ಟೂ ಒಂದೇ ಸೂರಿನಡಿಯೇ ಇದ್ದವು. ಬೇರೆ ಆ್ಯಪ್ ಆದದ್ದು ಆಮೇಲೆ.

ಬೀಟ್_ಬಾಯ್:
ಗೊತ್ತಿರ್ಲಿಲ್ಲ ಸರ್, ಥ್ಯಾಂಕ್ಸ್.

ಕೋಡ್‌ಮನೆ:
ಟ್ರಾನ್ಸಿಸ್ಟರ್ ಸರ್ ಹೇಳಿದ ಆರ್‌ಎಸ್‌ಎಸ್ ವಿಷಯ ಈ ಚರ್ಚೆಗೆ ನೇರ ಸಂಬಂಧ. ಹಾಡು ಅಂದ್ರೆ ಕೆಲವೇ ದೊಡ್ಡ ಉಗ್ರಾಣಗಳಲ್ಲಿ ಕೂತಿರುತ್ತೆ, ಉಗ್ರಾಣದವನಿಗೆ ಒಳಗೆ ನಡೆಯೋದೆಲ್ಲ ಕಾಣುತ್ತೆ. ಪಾಡ್‌ಕಾಸ್ಟ್ ಅಂದ್ರೆ ಮಾಡಿದವರ ಸರ್ವರ್‌ನಲ್ಲಿರೋ ಒಂದು ಫೀಡ್. ಆಪ್ ಅದನ್ನ ಓದಿಕೊಂಡು ಬಂದು ನಮಗೆ ತೋರಿಸುತ್ತೆ, ಅಷ್ಟೆ. ಯಾವ ಆಪ್‌ನಲ್ಲಿ ಬೇಕಾದ್ರೂ ಕೇಳಬಹುದು, ಯಾರ ಅಪ್ಪಣೆಯೂ ಬೇಡ. ಈ ಸ್ವಾತಂತ್ರ್ಯ ನನಗೆ ತುಂಬಾ ಇಷ್ಟ, ಅದನ್ನ ಕಳ್ಕೊಳ್ಳೋದು ಬೇಡ. ಆದ್ರೆ ಅದೇ ಕಾರಣಕ್ಕೆ, ಯಾರು ಏನು ಕೇಳ್ತಿದ್ದಾರೆ ಅನ್ನೋ ಪೂರ್ತಿ ಚಿತ್ರ ಯಾರ ಹತ್ರವೂ ಇಲ್ಲ.

ಮೈಕ್_ಹಿಂದೆ:
ಪಾಡ್‌ಕಾಸ್ಟ್ ಮಾಡೋರ ಕಡೆಯಿಂದ ನಾನೊಂದು ಮಾತು ಹೇಳ್ತೀನಿ. ನಾಲ್ಕು ವರ್ಷದಿಂದ ಗೆಳತಿ ಜೊತೆ ಸೇರಿ ಒಂದು ನಡೆಸ್ತಿದ್ದೇನೆ. ಹೆಸರು ಬೇಡ, ಪ್ರಚಾರಕ್ಕೆ ಬಂದಿಲ್ಲ.

ನಮಗೆ ಕಾಣೋ ಸಂಖ್ಯೆ ಡೌನ್‌ಲೋಡ್. ಉದ್ಯಮದ ಮಾನದಂಡದ ಪ್ರಕಾರ ಒಂದು ನಿಮಿಷದಷ್ಟು ಧ್ವನಿ ಫೋನಿಗೆ ಇಳಿದ್ರೆ ಒಂದು ಡೌನ್‌ಲೋಡ್. ಕೇಳಿದ್ರಾ, ಕೇಳಿ ಮುಗಿಸಿದ್ರಾ, ನಕ್ಕರಾ, ಬೇಜಾರಾಗಿ ಆಫ್ ಮಾಡಿದ್ರಾ ಅನ್ನೋದು ಅದರಲ್ಲಿ ಇಲ್ಲ. ಕೆಲವು ಆಪ್‌ಗಳು ತಮ್ಮಲ್ಲಿ ಕೇಳಿದವರ ಮಟ್ಟಿಗೆ ಗ್ರಾಫ್ ತೋರಿಸ್ತವೆ, ಉಳಿದವರದ್ದು ಕತ್ತಲು. ಹಾಗಾಗಿ ನಾವು ಸಂಚಿಕೆ ಕೊನೆಗೆ "ನಮ್ಮನ್ನ ಹೇಗೆ ಕಂಡುಹಿಡಿದ್ರಿ, ಒಂದು ಸಾಲು ಬರೆದು ಕಳಿಸಿ" ಅಂತ ಕೇಳ್ತೀವಿ. ಬರೋ ಉತ್ತರದಲ್ಲಿ ಬಹುಪಾಲು ಒಂದೇ: ಯಾರೋ ಒಬ್ಬರು ಹೇಳಿದ್ರು. ಎರಡನೇದು, ನಾವು ಇನ್ನೊಬ್ಬರ ಪಾಡ್‌ಕಾಸ್ಟ್‌ಗೆ ಅತಿಥಿಯಾಗಿ ಹೋಗಿದ್ದಾಗ ಕೇಳಿದ್ದು. ಆಪ್ ತೋರಿಸಿದ್ದಕ್ಕೆ ಬಂದೆ ಅಂದವರು ಬಹಳ ಕಡಿಮೆ.

ಒಂದು ತಪ್ಪು ನಾವೇ ಮಾಡ್ತಿದ್ವಿ. ಮೊದಲ ವರ್ಷ ಎಲ್ಲ ಸಂಚಿಕೆಗೂ "ಸಂಚಿಕೆ 12: ಒಂದು ಆತ್ಮೀಯ ಮಾತುಕತೆ" ಅನ್ನೋ ಥರ ಹೆಸರು. ಹುಡುಕೋರು "ಆತ್ಮೀಯ ಮಾತುಕತೆ" ಅಂತ ಯಾಕೆ ಹುಡುಕ್ತಾರೆ? ಆಮೇಲೆ ಒಂದು ಭಾನುವಾರ ಕೂತು ಹಳೇದರ ಹೆಸರನ್ನೆಲ್ಲ ಬದಲಾಯಿಸಿದ್ವಿ. ಅದರಲ್ಲಿ ಒಂದು, "ಕಳೆದುಹೋದ ಫೋಟೋಗಳು ಹಾರ್ಡ್ ಡಿಸ್ಕ್‌ನಿಂದ ಮರಳಿ ಬರುತ್ತವೆಯೇ?" ಎರಡು ವರ್ಷ ಹಿಂದಿನ ಸಂಚಿಕೆ ಅದು, ಇವತ್ತಿಗೂ ಜನ ಹುಡುಕಿಕೊಂಡು ಬರ್ತಾರೆ.

ಜೋಳಿಗೆ:
ಮೇಡಂ, ಇದು ಖರೇ ಮಾತು. ನಾನು ಕಾರ್ಯಕ್ರಮದ ಹೆಸರು ಹಿಡಿದು ಹುಡುಕೋದೇ ಇಲ್ಲ. ಒಬ್ಬ ಮನುಷ್ಯಾನ ಮಾತು ಚಲೋ ಅನಿಸಿತಂದ್ರ ಅವನ ಹೆಸರು ಹಾಕಿ ಹುಡುಕ್ತೀನಿ. ಅವನು ಎಲ್ಲೆಲ್ಲಿ ಅತಿಥಿಯಾಗಿ ಹೋಗ್ಯಾನ ಅಲ್ಲೆಲ್ಲ ಹೋಗ್ತೀನಿ. ಹತ್ತು ಕಡೆ ಹೋದ್ರ ಒಂದು ಕಡೆ ನಿಂದ್ರಾಕ ಜಾಗಾ ಸಿಗತೈತಿ. ತಂಬೂರಿ ಮೇಡಂ ಕೊಳಲಿನವರ ಹೆಸರು ಹಿಡಕೊಂಡು ಹೋದ್ರಲ್ಲ, ಹಂಗೇ.

ಬೀಟ್_ಬಾಯ್:
ಎಲ್ರೂ ಒಂದು ವಿಷ್ಯ ಮರೀತಿದೀರ. ನನ್ನ ವಯಸ್ಸಿನೋರು ಪಾಡ್‌ಕಾಸ್ಟ್ ಆಪ್‌ಗೇ ಹೋಗಲ್ಲ. ಯೂಟ್ಯೂಬಲ್ಲಿ ಒಂದು ನಿಮಿಷದ ಕ್ಲಿಪ್ ಬರುತ್ತೆ, ಚೆನ್ನಾಗಿದ್ರೆ ಪೂರ್ತಿ ನೋಡ್ತೀವಿ. ತಿಂಗಳಿಗೆ 100 ಕೋಟಿ ಜನ ಅಲ್ಲಿ ಪಾಡ್‌ಕಾಸ್ಟ್ ನೋಡ್ತಾರೆ ಅಂತ 2025ರಲ್ಲಿ ಯೂಟ್ಯೂಬೇ ಹೇಳಿದೆ. ಹಾಡಿನ ಥರಾನೇ ಕ್ಲಿಪ್ ನಮ್ಮನ್ನ ಹುಡುಕಿಕೊಂಡು ಬರುತ್ತೆ. ಸಮಸ್ಯೆ ಬಗೆಹರಿದಿದೆ.

ಹಳೇ_ಟ್ರಾನ್ಸಿಸ್ಟರ್:
ನೋಡುವುದಾದರೆ ಅದು ಟಿವಿ ಅಲ್ಲವೇ ಮಗೂ? ಕಣ್ಣು ಅಲ್ಲೇ ನೆಟ್ಟಿದ್ದರೆ ಕೈಗೆ ಬಿಡುವೆಲ್ಲಿ?

ಬೀಟ್_ಬಾಯ್:
ನೋಡ್ತೀವಿ ಅಂದ್ರೆ ದಿಟ್ಟಿಸಿ ಕೂತಿರಲ್ಲ ಸರ್. ಪಕ್ಕದಲ್ಲಿ ಓಡ್ತಿರುತ್ತೆ, ಯಾರಾದ್ರೂ ನಕ್ಕಾಗ ತಲೆ ಎತ್ತಿ ನೋಡ್ತೀವಿ.

ಮೈಕ್_ಹಿಂದೆ:
ಬೀಟ್_ಬಾಯ್, ಬಗೆಹರಿದಿದೆ ಅಂತ ನನಗೆ ಅನ್ನಿಸಲ್ಲ. ನಾವೂ ಕ್ಲಿಪ್ ಹಾಕಿ ನೋಡಿದ್ವಿ. ಒಂದು ಕ್ಲಿಪ್ ಚೆನ್ನಾಗಿ ಓಡಿತು, ನಮ್ಮ ಯಾವ ಸಂಚಿಕೆಯೂ ಕಾಣದಷ್ಟು ಜನ ನೋಡಿದ್ರು. ಪೂರ್ತಿ ಸಂಚಿಕೆಗೆ ಬಂದವರು ಬೆರಳೆಣಿಕೆ. ಯಾಕೆ ಅಂತ ಆಮೇಲೆ ಹೊಳೀತು. ಕ್ಲಿಪ್‌ನಲ್ಲಿ ಇದ್ದದ್ದು ಜಗಳದಂಥ ಒಂದು ಕ್ಷಣ. ಸಂಚಿಕೆಯಲ್ಲಿ ಇದ್ದದ್ದು ಐವತ್ತು ನಿಮಿಷದ ನಿಧಾನವಾದ ಮಾತು. ಹಾಡಿನ ಹದಿನೈದು ಸೆಕೆಂಡ್ ಕೇಳಿದ್ರೆ ಉಳಿದ ಹಾಡೂ ಅದೇ ರಾಗದ್ದು ಅಂತ ಗೊತ್ತಾಗುತ್ತೆ. ಮಾತಿನ ಹದಿನೈದು ಸೆಕೆಂಡ್ ಉಳಿದ ಮಾತಿನ ಮಾದರಿ ಅಲ್ಲ. ಮಾದರಿ ಆಗ್ಬೇಕಂದ್ರೆ ಇಡೀ ಸಂಚಿಕೆಯನ್ನೇ ಆ ಥರ ಮಾಡಬೇಕು, ಅದಕ್ಕೆ ನಾವು ತಯಾರಿಲ್ಲ.

ತಂಬೂರಿ:
ಈ ಮಾತಿಗೆ ನನ್ನ ನಮಸ್ಕಾರ. ಕೊನೆಯ ಸಾಲಿಗೆ ಇನ್ನೂ ಒಂದು.

ಕಡಲತಡಿ:
ನನ್ನದೊಂದು ಅನುಭವ ಹೇಳ್ತೇನೆ. ಗೊತ್ತಿಲ್ಲದ ಹಾಡು ಎಲ್ಲಿಯಾದರೂ ಕೇಳಿದ್ರೆ ಫೋನ್ ಮೇಲೆ ಎತ್ತಿ ಶಝಾಮ್ ಹಾಕಿದ್ರೆ ಸಾಕು, ಹೆಸರು ಬರ್ತದೆ. ಅದು 2002ರಲ್ಲೇ ಬ್ರಿಟನ್ನಿನಲ್ಲಿ ಶುರುವಾದದ್ದು, ಆಗ 2580ಕ್ಕೆ ಕರೆ ಮಾಡಿ ಫೋನನ್ನು ಸ್ಪೀಕರಿಗೆ ಹಿಡಿದರೆ ಎಸ್‌ಎಂಎಸ್‌ನಲ್ಲಿ ಹೆಸರು ಬರ್ತಿತ್ತಂತೆ. ಮಾತಿಗೆ ಹಾಗೆ ಮಾಡ್ಲಿಕ್ಕೆ ಆಗುದಿಲ್ಲ.

ಒಮ್ಮೆ ಆಸ್ಪತ್ರೆಯಲ್ಲಿ ತಂದೆಯ ಸ್ಕ್ಯಾನ್ ಆಗುವವರೆಗೆ ಹೊರಗೆ ಕೂತಿದ್ದೆ. ಪಕ್ಕದಲ್ಲಿ ಒಬ್ಬರು ಹೆಂಗಸು, ನನ್ನ ಅಮ್ಮನ ಪ್ರಾಯದವರು. ಇಯರ್‌ಫೋನಿನ ಒಂದು ಕಡೆ ಕಿವಿಯಲ್ಲಿ, ಇನ್ನೊಂದು ಕಡೆ ಕೊರಳ ಹತ್ರ ನೇತಾಡ್ತಾ ಇತ್ತು. ಆ ನೇತಾಡುವುದರಿಂದ ಸಣ್ಣಗೆ ಇಬ್ಬರ ನಗು ಕೇಳ್ತಾ ಇತ್ತು. ಶಬ್ದ ಒಂದೂ ಅರ್ಥ ಆಗ್ಲಿಲ್ಲ, ನಗು ಮಾತ್ರ. ಅವರ ಮುಖದಲ್ಲೂ ಸಣ್ಣ ನಗೆ. ಅಂಥ ಜಾಗದಲ್ಲಿ ಒಬ್ಬರು ನಗ್ತಿದ್ದಾರೆ ಅಂದ್ರೆ ಎಂತ ಕೇಳ್ತಿರಬಹುದು ಅಂತ ತಡೀಲಿಕ್ಕೆ ಆಗದೆ ಕೇಳಿಯೇ ಬಿಟ್ಟೆ. ಅವರು ನೇತಾಡುತ್ತಿದ್ದದ್ದನ್ನು ಒರೆಸಿ ನನ್ನ ಕೈಗೆ ಕೊಟ್ರು. ಅಲ್ಲಿಂದ ಇವತ್ತಿನವರೆಗೆ ಆ ಪಾಡ್‌ಕಾಸ್ಟ್ ಒಂದು ವಾರವೂ ತಪ್ಪಿಸಿಲ್ಲ. ಅವರ ಹೆಸರು ಕೇಳ್ಳಿಲ್ಲ ನಾನು.

ಮುಂಜಾವು:
ಕಡಲತಡಿ ಅವರೇ, ಇದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಿಮ್ಮ ತಂದೆ ಹೇಗಿದ್ದಾರೆ ಈಗ?

ಕಡಲತಡಿ:
ಆರಾಮ ಇದ್ದಾರೆ. ಅವರಿಗೂ ಅದೇ ಪಾಡ್‌ಕಾಸ್ಟ್ ಹಿಡಿಸಿದ್ದೇನೆ.

ಚುಟುಕು:
ಬೇರೆ ವಿಷಯ. ನೀವೆಲ್ಲ ಯಾವ ವೇಗದಲ್ಲಿ ಕೇಳ್ತೀರಿ? ನಾನು 1.8 ಪಟ್ಟು.

ತಂಬೂರಿ:
1.8! ಮಾತಾಡೋರು ಯೋಚಿಸಿ ತಡೆದು ಒಂದು ಪದ ಹುಡುಕಿ ಹೇಳ್ತಾರಲ್ಲ, ಆ ತಡೆಯೇ ಮಾತಿನ ಅರ್ಧ. ಅದನ್ನ ಹಿಂಡಿ ತೆಗೆದ್ರೆ ಉಳಿಯೋದು ಮಾಹಿತಿ ಮಾತ್ರ. ಹಾಡನ್ನ ಯಾರಾದ್ರೂ 1.8ರಲ್ಲಿ ಕೇಳ್ತಾರಾ?

ಚುಟುಕು:
ಹಾಡು ಹಾಡು, ಮಾತು ಮಾತು. ಬದುಕಿರೋದು ಒಂದೇ ಸಲ, ಕೇಳಬೇಕಾದ್ದು ರಾಶಿ ಇದೆ.

ಸ್ಪರ್ಶ:
ನನಗೆ ಕಣ್ಣು ಕಾಣಿಸುವುದಿಲ್ಲ. ಈ ಎಳೆಯನ್ನೂ ಫೋನಿನ ಸ್ಕ್ರೀನ್ ರೀಡರ್ ಓದಿ ಹೇಳುತ್ತಿದೆ, ಪಕ್ಕದಲ್ಲಿ ಕೂತವರಿಗೆ ಒಂದಕ್ಷರವೂ ತಿಳಿಯದ ವೇಗದಲ್ಲಿ. ಚಿಕ್ಕಂದಿನಿಂದ ಹೀಗೆ ಕೇಳಿ ಅಭ್ಯಾಸವಾದವರಿಗೆ 2.5 ವೇಗದ ಪಾಡ್‌ಕಾಸ್ಟ್ ಅವಸರದ್ದು ಅನ್ನಿಸುವುದಿಲ್ಲ, ಸಾಮಾನ್ಯ ಮಾತೇ. ನೀವು ಕಣ್ಣಿನಿಂದ ಓದುವಾಗ ಮಾತಿನ ವೇಗದಲ್ಲಿ ಓದುತ್ತೀರಾ? ಇಲ್ಲವಲ್ಲ. ಹಾಗೆಯೇ ಇದು. ಶ್ರುತಿ ಕೆಡಿಸದೆ ವೇಗ ಹೆಚ್ಚಿಸುವ ವಿಧಾನ ಈಗ ಹೆಚ್ಚಿನ ಆ್ಯಪ್‌ಗಳಲ್ಲಿ ಇದೆ, ಕೀಚಲು ದನಿ ಬರುವುದಿಲ್ಲ. 'ಓವರ್‌ಕಾಸ್ಟ್' ಆ್ಯಪ್ 2014ರಿಂದಲೇ ಮಾತಿನ ನಡುವಿನ ಮೌನವನ್ನು ಮಾತ್ರ ಕಿರಿದು ಮಾಡುವ ಸೌಲಭ್ಯ ಕೊಟ್ಟಿದೆ.

ಆದರೆ ತಂಬೂರಿ ಅವರ ಮಾತಿನಲ್ಲೂ ಸತ್ಯವಿದೆ. ಕಥನ, ಧ್ವನಿನಾಟಕ, ಸದ್ದುಗಳನ್ನು ಜೋಡಿಸಿ ಕಟ್ಟಿದ ಸಂಚಿಕೆಗಳನ್ನು ನಾನು 1ರಲ್ಲೇ ಕೇಳುತ್ತೇನೆ. ಬಾಗಿಲು ತೆರೆದುಕೊಳ್ಳುವ ಸದ್ದು, ಆಮೇಲೆ ಯಾರೂ ಮಾತಾಡದ ಎರಡು ಸೆಕೆಂಡು, ಇವು ನನಗೆ ದೃಶ್ಯ.

ಹುಡುಕುವ ವಿಷಯಕ್ಕೆ ಬಂದರೆ ನಮಗೆ ಇನ್ನೊಂದು ತೊಡಕು. ಆ್ಯಪ್‌ಗಳಲ್ಲಿ ಹೊಸ ಪಾಡ್‌ಕಾಸ್ಟ್ ತೋರಿಸುವ ಪುಟ ಅಂದರೆ ಚಿತ್ರಗಳ ಸಾಲು. ಎಷ್ಟೋ ಕಡೆ ಚಿತ್ರಕ್ಕೆ ಹೆಸರೇ ಹಾಕಿರುವುದಿಲ್ಲ, ಸ್ಕ್ರೀನ್ ರೀಡರ್ "ಬಟನ್, ಬಟನ್, ಬಟನ್" ಎನ್ನುತ್ತದೆ. ಧ್ವನಿಯ ಲೋಕಕ್ಕೆ ಹೋಗುವ ಬಾಗಿಲನ್ನು ಚಿತ್ರದಿಂದಲೇ ಮಾಡಿಟ್ಟಿದ್ದಾರೆ. ಹಾಗಾಗಿ ನಮ್ಮ ಗೆಳೆಯರ ಗುಂಪಿನಲ್ಲಿ ವಾಯ್ಸ್ ಮೆಸೇಜ್‌ನಲ್ಲೇ ಶಿಫಾರಸು ನಡೆಯುತ್ತದೆ. ಯಾವುದು, ಯಾಕೆ ಕೇಳಬೇಕು ಎಂದು ಅರ್ಧ ನಿಮಿಷ ಹೇಳಿ ಕಳಿಸುತ್ತೇವೆ.

ತಂಬೂರಿ:
ಸ್ಪರ್ಶ ಅವರೇ, ವೇಗದ ವಿಷಯದಲ್ಲಿ ನಾನು ಯೋಚಿಸದ ಮಗ್ಗುಲನ್ನ ತೋರಿಸಿದ್ರಿ. ನನ್ನ ಮಾತನ್ನ ಅಷ್ಟರ ಮಟ್ಟಿಗೆ ಹಿಂದಕ್ಕೆ ತಗೊಂಡೆ.

ಮೈಕ್_ಹಿಂದೆ:
ಸ್ಪರ್ಶ ಅವರೇ, ನಮ್ಮ ಸೈಟ್‌ನಲ್ಲಿ ಸಂಚಿಕೆ ಚಿತ್ರಗಳಿಗೆ ವಿವರಣೆ ಹಾಕಿಲ್ಲ ಅಂತ ಈಗ ನೋಡಿದೆ. ಈ ವಾರ ಕೂತು ಹಾಕ್ತೀನಿ.

ಪುಟ್ಟಕಿವಿ:
ನನಗೆ ಓದೋವಾಗ ಪಾಡ್‌ಕಾಸ್ಟ್ ಹಾಕಿದ್ರೆ ಎರಡೂ ತಲೆಗೆ ಹೋಗಲ್ಲ. ಅರ್ಥವಾಗದ ಭಾಷೆ ಹಾಡು ಹಾಕಿದ್ರೆ ಮಾತ್ರ ತೊಂದರೆ ಇಲ್ಲ. ಅರ್ಥ ಆಗದಿದ್ರೆ ತಲೆ ಅದನ್ನ ಲೆಕ್ಕಕ್ಕೇ ಇಟ್ಕೊಳ್ಳಲ್ಲ ಅಲ್ವಾ?

ಕೋಡ್‌ಮನೆ:
ಅದು ಪೂರ್ತಿ ನಿಜ ಅಲ್ಲ ಪುಟ್ಟಾ. 1976ರಲ್ಲಿ ಕೋಲ್ ಮತ್ತು ವೆಲ್ಶ್ ಅನ್ನೋರು ಪರೀಕ್ಷೆ ಮಾಡಿದ್ರು. ಅಕ್ಷರಗಳ ಸಾಲನ್ನ ನೋಡಿ ನೆನಪಿಟ್ಕೊಳ್ಳೋವಾಗ ಹಿಂದೆ ಪರಭಾಷೆಯ ಮಾತು ಕೇಳಿಸ್ತಿದ್ರೂ ನೆನಪು ಕೆಡ್ತಿತ್ತು. ಅರ್ಥ ಆಗಬೇಕಂತಿಲ್ಲ, ಮಾತಿನ ಸದ್ದೇ ಸಾಕು. ಪರೀಕ್ಷೆಗೆ ಓದ್ತಿದ್ರೆ ಬರೀ ವಾದ್ಯದ್ದು ಹಾಕ್ಕೋ, ಇನ್ನೂ ಒಳ್ಳೇದು ಅಂದ್ರೆ ಏನೂ ಹಾಕ್ಕೋಬೇಡ.

ಪುಟ್ಟಕಿವಿ:
ಸರಿ ಅಣ್ಣ 🙂

ಅಂಚೆಪೆಟ್ಟಿಗೆ:
ತಡವಾಗಿ ಬಂದೆ. ಒಂದು ಉಪಯೋಗದ ಮಾತು ಹೇಳಿ ಹೋಗ್ತೀನಿ. ನಾನು ವರ್ಷಗಟ್ಟಲೆ ಬಳಸ್ತಿದ್ದ ಪಾಡ್‌ಕಾಸ್ಟ್ ಆಪ್ ಮುಚ್ಚಿಹೋಯ್ತು. ಸೂಚನೆ ಕೊಟ್ಟಿದ್ರಂತೆ, ನಾನು ನೋಡಿರ್ಲಿಲ್ಲ. ಅರವತ್ತಕ್ಕೂ ಹೆಚ್ಚು ಫಾಲೋ ಮಾಡ್ತಿದ್ದೆ, ಎಲ್ಲ ಹೋಯ್ತು. ಹೆಸರು ನೆನಪಿಗೆ ಬಂದದ್ದು ಅರ್ಧ. ಹಾಡು ಹೋದ್ರೆ ಒಂದು ಸಾಲು ಗುನುಗಿದ್ರೆ ಮತ್ತೆ ಸಿಗುತ್ತೆ. ಪಾಡ್‌ಕಾಸ್ಟ್ ಹೆಸರು ಮರೆತ್ರೆ ಏನಂತ ಹುಡುಕೋದು? "ಆ ಇಬ್ಬರು ಮಾತಾಡ್ತಾರಲ್ಲ" ಅಂತಲಾ?

ಹೆಚ್ಚಿನ ಆಪ್‌ಗಳ ಸೆಟ್ಟಿಂಗ್ಸ್‌ನಲ್ಲಿ ಒಪಿಎಂಎಲ್ ಎಕ್ಸ್‌ಪೋರ್ಟ್ ಅಂತ ಇರುತ್ತೆ. ಒತ್ತಿದ್ರೆ ನಿಮ್ಮ ಪಟ್ಟಿಯೆಲ್ಲ ಒಂದು ಸಣ್ಣ ಫೈಲ್ ಆಗುತ್ತೆ, ಬೇರೆ ಆಪ್‌ಗೆ ಹಾಕಿದ್ರೆ ಎಲ್ಲ ಮರಳಿ ಬರುತ್ತೆ. ಮೂರು ತಿಂಗಳಿಗೊಮ್ಮೆ ಮಾಡಿ ನಿಮಗೇ ಮೇಲ್ ಮಾಡ್ಕೊಳ್ಳಿ. ಇವತ್ತೇ ಮಾಡಿ.

ಚುಟುಕು:
ಮಾಡಿದೆ. ಒಂದು ನಿಮಿಷದ ಕೆಲಸ. ಧನ್ಯವಾದ.

ರಾತ್ರಿಪಾಳಿ:
ನಾನು ರಾತ್ರಿ ಕಾವಲು ಕೆಲಸದಲ್ಲಿದ್ದೇನೆ. ಹತ್ತು ಗಂಟೆಗೆ ಹೋದರೆ ಬೆಳಿಗ್ಗೆ ಆರಕ್ಕೆ ಬಿಡುಗಡೆ. ಮೊದಮೊದಲು ಹಾಡು ಕೇಳುತ್ತಿದ್ದೆ. ಎರಡು ಗಂಟೆ ಆದ ಮೇಲೆ ಹಾಡು ನಿದ್ದೆ ತರಿಸುತ್ತೆ, ಇಲ್ಲ ಹಳೆಯದೆಲ್ಲ ನೆನಪು ಮಾಡಿಸುತ್ತೆ. ಮಾತು ಹಾಗಲ್ಲ. ಮಾತು ಜೊತೆಗೆ ಕೂರುತ್ತೆ.

ಮೂರು ವರ್ಷ ಒಂದೇ ಪಾಡ್‌ಕಾಸ್ಟ್ ಕೇಳಿದೆ, ಒಬ್ಬರೇ ಮಾತಾಡೋದು. ಅವರಿಗೆ ಶೀತ ಆದರೆ ನನಗೆ ಗೊತ್ತಾಗುತ್ತಿತ್ತು. ಮಾತು ಶುರು ಮಾಡೋ ಮುಂಚೆ ಲೋಟ ಕೆಳಗಿಡೋ ಸದ್ದು ಬರುತ್ತಿತ್ತು, ಪ್ರತಿ ಸಲ. ಒಂದು ದಿನ ಇದೇ ಕೊನೆಯ ಸಂಚಿಕೆ ಅಂತ ಹಾಕಿದರು. ಅದನ್ನ ನಾನು ಇನ್ನೂ ಕೇಳಿಲ್ಲ. ಹತ್ತು ತಿಂಗಳಾಯಿತು. ಕೇಳಿದರೆ ಮುಗಿಯುತ್ತೆ.

ಅಂಥದ್ದು ಇನ್ನೊಂದು ಹುಡುಕೋಕೆ ಮನಸ್ಸಾಗಲಿಲ್ಲ. ಮುಂಜಾವು ಅವರು ಆಪ್ ತೋರಿಸಿದ್ದು ಹತ್ತು ನಿಮಿಷ ದಾಟಲ್ಲ ಅಂದರಲ್ಲ, ನನಗೆ ಮೊದಲ ವಾಕ್ಯಕ್ಕೇ ಸಾಕಾಗುತ್ತೆ. ದನಿ ಬೇರೆ.

ಕೋಡ್‌ಮನೆ:
ರಾತ್ರಿಪಾಳಿ ಅವರೇ, ನಿಮ್ಮ ಮಾತು ತಟ್ಟಿತು. ದಿನಾ ಕೇಳೋ ದನಿಯ ಜೊತೆ ಬೆಳೆಯೋ ಈ ಸ್ನೇಹದ ಬಗ್ಗೆ ಹಾರ್ಟನ್ ಮತ್ತು ವೋಲ್ 1956ರಲ್ಲೇ ಬರೆದಿದ್ದಾರೆ, ರೇಡಿಯೋ ಟಿವಿ ನೋಡಿಕೊಂಡು. ಆ ಕಡೆಯವರಿಗೆ ನಾವು ಗೊತ್ತಿರಲ್ಲ, ಆದ್ರೂ ನಮಗೆ ಅದು ಸ್ನೇಹವೇ. ನಾನು ಮೇಲೆ ಬರೆದ ಲೆಕ್ಕದಲ್ಲಿ ಇದು ಎಲ್ಲೂ ಬರಲ್ಲ. ವಿಷಯ ಹೊಂದಿಸಬಹುದು, ಭಾಷೆ ಹೊಂದಿಸಬಹುದು, ಲೋಟ ಕೆಳಗಿಡೋ ಸದ್ದನ್ನ ಯಾವ ಕಾಲಂನಲ್ಲಿ ಹಾಕೋದು?

ಮೈಕ್_ಹಿಂದೆ:
ಅಣ್ಣಾ, ಒಂದು ಹೇಳಲಾ? ಅವರಿಗೆ ಒಂದು ಮೇಲ್ ಬರೀರಿ. ಶೋ ನೋಟ್ಸ್‌ನಲ್ಲಿ, ಅಂದ್ರೆ ಸಂಚಿಕೆ ಕೆಳಗಿನ ವಿವರಣೆಯಲ್ಲಿ, ಸಾಮಾನ್ಯವಾಗಿ ವಿಳಾಸ ಇರುತ್ತೆ. ನೀವು ಮೂರು ವರ್ಷ ಕೇಳಿದ್ದು ಅವರಿಗೆ ಒಂದು ಡೌನ್‌ಲೋಡ್ ಸಂಖ್ಯೆಯಾಗಿ ಮಾತ್ರ ಕಂಡಿರುತ್ತೆ. ಲೋಟದ ಸದ್ದಿನ ಬಗ್ಗೆ ತಪ್ಪದೇ ಬರೀರಿ.

ಅಂಚೆಪೆಟ್ಟಿಗೆ:
ಮುಂಜಾವು ಅವರ ಮೂಲ ಪ್ರಶ್ನೆಗೆ ನಾನಿನ್ನೂ ಉತ್ತರ ಹೇಳೇ ಇಲ್ಲ. ನನ್ನ ದಾರಿ ಇದು. ಹೊಸ ಪಾಡ್‌ಕಾಸ್ಟ್ ಆದ್ರೆ ಮೊದಲ ಸಂಚಿಕೆಯಿಂದ ಶುರು ಮಾಡಲ್ಲ, ಮೊದಲ ಸಂಚಿಕೆಯಲ್ಲಿ ಎಲ್ಲರಿಗೂ ಕೈ ನಡುಕ ಇರುತ್ತೆ. ತೀರಾ ಹೊಸದೂ ಬೇಡ. ಪಟ್ಟಿ ಕೆಳಗೆ ಹೋಗಿ, ನನಗೆ ಚೆನ್ನಾಗಿ ಗೊತ್ತಿರೋ ವಿಷಯದ ಸಂಚಿಕೆ ಹುಡುಕ್ತೀನಿ. ಗೊತ್ತಿಲ್ಲದ್ದಲ್ಲ, ಗೊತ್ತಿರೋದು. ನನಗೆ ಗೊತ್ತಿರೋದನ್ನ ಇವರು ಸರಿಯಾಗಿ ಹೇಳಿದ್ರೆ, ಗೊತ್ತಿಲ್ಲದ್ದನ್ನೂ ಸರಿಯಾಗಿ ಹೇಳ್ತಾರೆ ಅಂತ ನಂಬಬಹುದು. ಅಲ್ಲೇ ಎಡವಿದ್ರೆ ಎರಡನೇ ಸಂಚಿಕೆಗೆ ಹೋಗೋದೇ ಬೇಡ.

ಹಳೇ_ಟ್ರಾನ್ಸಿಸ್ಟರ್:
ಒಳ್ಳೆಯ ಉಪಾಯ. ಇಷ್ಟು ವರ್ಷ ನಾನು ಇದರ ತದ್ವಿರುದ್ಧ ಮಾಡುತ್ತಿದ್ದೆ.

ಬೀಟ್_ಬಾಯ್:
ಟ್ರಾನ್ಸಿಸ್ಟರ್ ಸರ್, ನಕ್ಷತ್ರಗಳ ಬಗ್ಗೆ ಒಂದು ಪಾಡ್‌ಕಾಸ್ಟ್ ನಿಮಗೆ ಮೆಸೇಜ್ ಮಾಡಿದೀನಿ. ವಿಡಿಯೋ ಇಲ್ಲ, ಬರೀ ಆಡಿಯೋ.

ಹಳೇ_ಟ್ರಾನ್ಸಿಸ್ಟರ್:
ಬಂತು ಮಗೂ. ಸಂಜೆ ನಡೆಯಲು ಹೋಗುವಾಗ ಹಾಕುತ್ತೇನೆ.

ಮುಂಜಾವು:
ನಾಲ್ಕು ದಿನ ಆದ್ಮೇಲೆ ಬಂದೆ, ಎಲ್ಲರಿಗೂ ಒಟ್ಟಿಗೆ ಉತ್ತರ ಬರೀತಿದೀನಿ.

ಅಂಚೆಪೆಟ್ಟಿಗೆ ಅವರು ಹೇಳಿದ ಹಾಗೆ ಮಾಡಿದೆ. ನಾನು ಫಿಸಿಯೋಥೆರಪಿಸ್ಟ್. ಮಂಡಿ ನೋವಿನ ಬಗ್ಗೆ ಸಂಚಿಕೆ ಇರೋ ಐದು ಪಾಡ್‌ಕಾಸ್ಟ್ ಹುಡುಕಿ, ಬಟ್ಟೆ ಮಡಚ್ತಾ ಒಂದೊಂದೇ ಹಾಕಿದೆ. ಮೂರರಲ್ಲಿ ನಾನು ದಿನಾ ರೋಗಿಗಳ ತಲೆಯಿಂದ ತೆಗೆಯೋಕೆ ಒದ್ದಾಡೋ ಅದೇ ತಪ್ಪು ಮಾತು: ಮಂಡಿ ನೋವಿದ್ರೆ ಅಲ್ಲಾಡಬೇಡಿ, ನಡಿಗೆ ಬಿಟ್ಟುಬಿಡಿ. ಬಿಟ್ಟೆ. ನಾಲ್ಕನೇದು ಪರವಾಗಿಲ್ಲ. ಐದನೇದರಲ್ಲಿ ಇಬ್ಬರು ಹೆಣ್ಣು ದನಿ. 14ನೇ ನಿಮಿಷದಲ್ಲಿ ಒಬ್ಬರು, ಸ್ಕ್ಯಾನ್‌ನಲ್ಲಿ ಸವೆತ ಕಂಡವರಿಗೆಲ್ಲ ನೋವಿರಲ್ಲ, ನೋವಿರೋರಿಗೆಲ್ಲ ಸವೆತ ಕಾಣಲ್ಲ ಅಂದ್ರು. ಇನ್ನೊಬ್ಬರು ಹಾಗಾದ್ರೆ ನೋವು ಎಲ್ಲಿಂದ ಬರುತ್ತೆ ಅಂದ್ರು. ಮೊದಲನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕೆ ನನ್ನ ಹತ್ರ ಒಂದೇ ಉತ್ತರ ಇಲ್ಲ" ಅಂದ್ರು. ಕೈಯಲ್ಲಿದ್ದ ದಿಂಬಿನ ಕವರ್ ಹಾಗೇ ಹಿಡ್ಕೊಂಡು ನಿಂತಿದ್ದೆ. ತಂಬೂರಿ ಅವರೇ, ಆ ತಡೆ 1.8ರಲ್ಲಿ ಸಿಗ್ತಿರಲಿಲ್ಲ.

ಅದೇ ಸಾಲಿನಲ್ಲಿ ಅವರು ಮರಗಳ ಬಗ್ಗೆ, ನಿದ್ದೆ ಬಗ್ಗೆ ಮಾಡಿದ ಸಂಚಿಕೆಗಳನ್ನೂ ಕೇಳಿದೆ. ಅಕ್ಕನಿಗೆ ಬರೀ ಲಿಂಕ್ ಕಳಿಸದೆ, ಸ್ಪರ್ಶ ಅವರು ಹೇಳಿದ ಹಾಗೆ ಅರ್ಧ ನಿಮಿಷ ವಾಯ್ಸ್ ಮೆಸೇಜ್ ಮಾಡಿ, 14ನೇ ನಿಮಿಷದಿಂದ ಕೇಳು ಅಂದೆ. ಕೇಳಿ, ಆಮೇಲೆ ಮೊದಲಿಂದ ಮತ್ತೆ ಹಾಕಿದ್ದಾಳೆ.

ರಾತ್ರಿಪಾಳಿ:
ಆ ಪಾಡ್‌ಕಾಸ್ಟ್ ಹೆಸರು ನನಗೂ ಕಳಿಸ್ತೀರಾ ಮೇಡಂ? ನಾಳೆ ಪಾಳಿ ಇದೆ. ಮೇಲ್ ಬರೆದೆ ಅವರಿಗೆ, ನಿನ್ನೆ ಬೆಳಿಗ್ಗೆ ಮನೆಗೆ ಬಂದ ಮೇಲೆ. ಉತ್ತರ ಇನ್ನೂ ಬಂದಿಲ್ಲ.

ಮುಂಜಾವು:
ಕಳಿಸಿದೀನಿ ಅಣ್ಣಾ. ನಿದ್ದೆ ಬಗ್ಗೆ ಇರೋ ಸಂಚಿಕೆ ಮಾತ್ರ ಪಾಳಿ ಮುಗಿದ ಮೇಲೆ ಕೇಳಿ.